ಹಿಟ್ಲರನ ಪಕ್ಕ ನಿಂತ ಪ್ರಜಾಪ್ರಭುತ್ವ: ಫಿನ್ಲೆಂಡ್ ಬಗ್ಗೆ ನೀವು ಕೇಳಿದ್ದು

ಹಿಂದಿನ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರಿಸುವಾಗ, 1941ರಲ್ಲಿ ಬ್ರಿಟನ್ ಫಿನ್ಲೆಂಡ್ ಮೇಲೆ ಯುದ್ಧ ಸಾರಿತ್ತು ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾನು ಮಗಳ ಮನೆಯಲ್ಲಿ, ಹೆಲ್ಸಿಂಕಿಯಲ್ಲಿ, ಒಂದು ಇಡೀ ಚಳಿಗಾಲ ಕಳೆದವಳು. ಇದು ನನಗೂ ಹತ್ತಿರದ ವಿಷಯ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ ಇರಲಿ.

ಫಿನ್ಲೆಂಡ್‌ನಲ್ಲಿ ಜನ ಆರಿಸಿದ ಸಂಸತ್ತು ಇತ್ತು ಅಂತೀರಿ. ಅಂಥ ದೇಶ ಹಿಟ್ಲರನ ಜೊತೆ ಸೇರಿದ್ದು ಹೇಗೆ?

ಸಂಸತ್ತು ಇದ್ದದ್ದು ನಿಜ. ಅಲ್ಲಿನ ಹೆಣ್ಣುಮಕ್ಕಳಿಗೆ 1906ರಲ್ಲೇ ಮತದ ಹಕ್ಕು ಸಿಕ್ಕಿತ್ತು, ಅದೂ ರಷ್ಯಾದ ಚಕ್ರವರ್ತಿಯ ಆಳ್ವಿಕೆ ಇದ್ದಾಗಲೇ. ದೇಶ ಸ್ವತಂತ್ರವಾದದ್ದು 1917ರ ಡಿಸೆಂಬರ್ 6ರಂದು.

ಕತೆ ಶುರುವಾಗುವುದು 1939ರಲ್ಲಿ. ಆಗಸ್ಟ್ 23ರಂದು ಹಿಟ್ಲರ್ ಮತ್ತು ಸ್ಟಾಲಿನ್ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಅದರ ಗುಟ್ಟಿನ ಭಾಗದಲ್ಲಿ ಫಿನ್ಲೆಂಡ್ ಸೋವಿಯತ್ ಪಾಲಿಗೆ ಬಿತ್ತು. ನವೆಂಬರ್ 30ಕ್ಕೆ ಸೋವಿಯತ್ ಸೇನೆ ಗಡಿ ದಾಟಿತು, ಹೆಲ್ಸಿಂಕಿ ಮೇಲೆ ಬಾಂಬು ಬಿತ್ತು. 37 ಲಕ್ಷ ಜನರ ದೇಶ 105 ದಿನ ಹಿಮದಲ್ಲಿ ಒಂದು ಮಹಾಶಕ್ತಿಯ ಎದುರು ನಿಂತಿತು. ಜಗತ್ತೆಲ್ಲ ಶಹಬ್ಬಾಸ್ ಅಂದಿತು. ಆದರೆ ಯುದ್ಧದ ದಿಕ್ಕು ಬದಲಿಸುವಷ್ಟು ಸೇನೆ ಯಾರೂ ಕಳಿಸಲಿಲ್ಲ.

1940ರ ಮಾರ್ಚ್‌ನಲ್ಲಿ ಶಾಂತಿ ಒಪ್ಪಂದವಾಯಿತು. ಕರೇಲಿಯಾ ಪ್ರಾಂತ್ಯದ ಬಹುಪಾಲನ್ನು, ಅದರ ಜೊತೆ ವೀಪುರಿ ಎಂಬ ಹಳೇ ಪಟ್ಟಣವನ್ನು ಬಿಟ್ಟುಕೊಡಬೇಕಾಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ, ಹೊಲ, ಕೊಟ್ಟಿಗೆ ಎಲ್ಲ ಬಿಟ್ಟು ಪಶ್ಚಿಮಕ್ಕೆ ನಡೆದರು. ಒಪ್ಪಂದಕ್ಕೆ ಅನುಮತಿ ಕೊಡುವ ಕಾಗದಕ್ಕೆ ಸಹಿ ಹಾಕುವಾಗ ಅಧ್ಯಕ್ಷ ಕ್ಯೋಸ್ತಿ ಕಲ್ಲಿಯೋ, ಇಂಥದ್ದಕ್ಕೆ ಸಹಿ ಹಾಕಬೇಕಾದ ಈ ಕೈ ಒಣಗಿ ಹೋಗಲಿ ಅಂದರಂತೆ. ಅದೇ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಡಿಸೆಂಬರ್‌ನಲ್ಲಿ ಅಧಿಕಾರ ಬಿಟ್ಟು ಊರಿಗೆ ಹೊರಟವರು ಹೆಲ್ಸಿಂಕಿ ರೈಲು ನಿಲ್ದಾಣದಲ್ಲೇ ಕುಸಿದು ತೀರಿಕೊಂಡರು.

ಆ ವರ್ಷದ ನಕ್ಷೆ ಕಣ್ಣ ಮುಂದೆ ತಂದುಕೊಳ್ಳಿ. ಡೆನ್ಮಾರ್ಕ್, ನಾರ್ವೆ ಹಿಟ್ಲರನ ಕೈಯಲ್ಲಿ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಸ್ಟಾಲಿನ್ ಕೈಯಲ್ಲಿ. ನಡುವೆ ಇವರು. ಆಗ ಜರ್ಮನ್ ಸೈನಿಕರು ಫಿನ್ಲೆಂಡ್ ಮೂಲಕ ಹಾದುಹೋಗಲು ಒಪ್ಪಿಗೆ ಕೊಟ್ಟರು. ಕೊಟ್ಟವರು ಬೆರಳೆಣಿಕೆಯ ನಾಯಕರು. ಸಂಸತ್ತನ್ನು ಕೇಳಲೇ ಇಲ್ಲ. ದಾರಿ ತಪ್ಪಿದ್ದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಭಯ ಅರ್ಥವಾಗುತ್ತದೆ, ಮುಚ್ಚಿಟ್ಟದ್ದನ್ನು ಒಪ್ಪಲಾಗುವುದಿಲ್ಲ.

1941ರ ಜೂನ್ 22ಕ್ಕೆ ಹಿಟ್ಲರ್ ಸೋವಿಯತ್ ಮೇಲೆ ಬಿದ್ದ. ಆ ಹೊತ್ತಿಗಾಗಲೇ ಜರ್ಮನ್ ಸೈನಿಕರು ಫಿನ್ಲೆಂಡ್‌ನ ಉತ್ತರ ಭಾಗ ತುಂಬಿದ್ದರು. ಜೂನ್ 25ರಂದು ಸೋವಿಯತ್ ವಿಮಾನಗಳು ಫಿನ್ಲೆಂಡ್ ಮೇಲೆ ಬಾಂಬು ಹಾಕಿದವು. ದೇಶ ಯುದ್ಧದಲ್ಲಿದೆ ಎಂದು ಅಂದೇ ಸಂಸತ್ತಿನಲ್ಲಿ ಹೇಳಲಾಯಿತು. ಕಳೆದುಕೊಂಡ ಕರೇಲಿಯಾವನ್ನು ವಾಪಸ್ ಪಡೆಯಲು ಹೊರಟ ಸೇನೆ ಹಳೇ ಗಡಿಯಲ್ಲಿ ನಿಂತಿದ್ದರೆ ಮಾತು ಬೇರೆ ಇರುತ್ತಿತ್ತು. ನಿಲ್ಲಲಿಲ್ಲ. ತಮ್ಮದಾಗಿರದ ನೆಲಕ್ಕೂ ನುಗ್ಗಿ ಪೆಟ್ರೊಜವೊದ್‌ಸ್ಕ್ ಪಟ್ಟಣ ಹಿಡಿಯಿತು.

ಬ್ರಿಟನ್ ಮತ್ತು ಫಿನ್ಲೆಂಡ್ ನಿಜವಾಗಿ ಎಲ್ಲಿ ಕಾದಾಡಿದವು?

ಹೆಚ್ಚುಕಮ್ಮಿ ಎಲ್ಲೂ ಇಲ್ಲ. ಬ್ರಿಟಿಷ್ ವಿಮಾನಗಳು ಉತ್ತರದ ಪೆತ್ಸಾಮೊ ಬಂದರಿನ ಮೇಲೆ ದಾಳಿ ಮಾಡಿದ್ದು ಯುದ್ಧ ಸಾರುವ ಮೊದಲೇ, 1941ರ ಜುಲೈನಲ್ಲಿ. ಯುದ್ಧ ಸಾರಬೇಕೆಂದು ಸ್ಟಾಲಿನ್ ಒತ್ತಾಯವಿತ್ತು. ಚರ್ಚಿಲ್‌ಗೆ ಮನಸ್ಸಿರಲಿಲ್ಲ. ಫಿನ್ಲೆಂಡ್‌ನ ಸೇನಾಪತಿ ಮನ್ನರ್‌ಹೈಮ್‌ಗೆ ಅವರೇ ಪತ್ರ ಬರೆದು, ಸುಮ್ನೆ ಮುನ್ನುಗ್ಗುವುದನ್ನು ನಿಲ್ಲಿಸಿಬಿಡಿ ಎಂದು ಕೇಳಿಕೊಂಡರು. ಕೆಲಸ ಆಗಲಿಲ್ಲ. ಯುದ್ಧ ಸಾರಿದ ದಿನ ಡಿಸೆಂಬರ್ 6, ಫಿನ್ಲೆಂಡ್‌ನ ಸ್ವಾತಂತ್ರ್ಯ ದಿನ. ಅಮೆರಿಕ ಕೊನೆಯವರೆಗೂ ಯುದ್ಧ ಸಾರಲಿಲ್ಲ, 1944ರ ಜೂನ್‌ನಲ್ಲಿ ಸಂಬಂಧ ಕಡಿದುಕೊಂಡಿತು ಅಷ್ಟೇ.

ಹಾಗಾದರೆ ಆ ಸಂಸತ್ತು ಹೆಸರಿಗೆ ಮಾತ್ರ ಇತ್ತಾ?

ಅಷ್ಟು ಸುಲಭವಾಗಿ ಹೇಳಬೇಡಿ. ಕೊರತೆಗಳು ಇದ್ದವು. ಕಮ್ಯುನಿಸ್ಟ್ ಪಕ್ಷಕ್ಕೆ ನಿಷೇಧವಿತ್ತು. 1941ರಲ್ಲಿ ಆರು ಮಂದಿ ಎಡಪಂಥೀಯ ಸದಸ್ಯರನ್ನು ಜೈಲಿಗೆ ಹಾಕಿದರು. ಪತ್ರಿಕೆಗಳಿಗೆ ಕಡಿವಾಣವಿತ್ತು. ಆದರೂ ಯುದ್ಧ ನಡೆಯುತ್ತಿರುವಾಗಲೇ, 1943ರ ಆಗಸ್ಟ್‌ನಲ್ಲಿ, 33 ಗಣ್ಯರು ಸಹಿ ಹಾಕಿ ಅಧ್ಯಕ್ಷರಿಗೆ ಮನವಿ ಕೊಟ್ಟರು: ಶಾಂತಿಯ ದಾರಿ ಹುಡುಕಿ ಎಂದು. ಅವರಲ್ಲಿ ಸಂಸತ್ ಸದಸ್ಯರೂ ಇದ್ದರು. ಜರ್ಮನಿಯಲ್ಲಿ ಹೀಗೆ ಮಾಡಿದ್ದರೆ ತಲೆ ಉಳಿಯುತ್ತಿರಲಿಲ್ಲ.

ಆಮೇಲೆ 1944ರ ಜೂನ್. ಸೋವಿಯತ್ ಸೇನೆ ದೊಡ್ಡ ದಾಳಿ ಶುರು ಮಾಡಿ ವೀಪುರಿಯನ್ನು ಕಿತ್ತುಕೊಂಡಿತು. ಟ್ಯಾಂಕುಗಳನ್ನು ತಡೆಯಲು ಜರ್ಮನ್ ಆಯುಧ ಬೇಕಿತ್ತು. ಹಿಟ್ಲರನ ವಿದೇಶಾಂಗ ಸಚಿವ ರಿಬ್ಬನ್‌ಟ್ರಾಪ್ ಹೆಲ್ಸಿಂಕಿಗೇ ಬಂದು ಕೂತ. ನಮ್ಮನ್ನು ಬಿಟ್ಟು ಪ್ರತ್ಯೇಕ ಶಾಂತಿ ಮಾಡಿಕೊಳ್ಳುವುದಿಲ್ಲ ಎಂದು ಬರೆದುಕೊಡಿ, ಆಗ ಆಯುಧ ಎಂದ. ಆಗಿನ ಅಧ್ಯಕ್ಷ ರಿಸ್ಟೋ ರೂಟಿ ಜೂನ್ 26ರಂದು ಪತ್ರ ಬರೆದುಕೊಟ್ಟರು. ಆದರೆ ದೇಶದ ಹೆಸರಿನಲ್ಲಿ ಅಲ್ಲ. ನಾನಾಗಲಿ, ನಾನು ನೇಮಿಸಿದ ಸರ್ಕಾರವಾಗಲಿ ಹಾಗೆ ಮಾಡುವುದಿಲ್ಲ ಎಂದು, ತಮ್ಮದೇ ಹೆಸರಿನಲ್ಲಿ. ಸಂಸತ್ತಿನ ಮುದ್ರೆ ಅದರ ಮೇಲೆ ಬೀಳಲಿಲ್ಲ. ಆಯುಧ ಬಂತು, ಗಡಿ ನಿಂತಿತು. ಆಗಸ್ಟ್ 1ರಂದು ರೂಟಿ ರಾಜೀನಾಮೆ ಕೊಟ್ಟರು. ಮಾತು ಕೊಟ್ಟವರು ಅಧಿಕಾರದಲ್ಲಿ ಇಲ್ಲ ಅಂದಮೇಲೆ ಮಾತೂ ಇಲ್ಲ. ಮನ್ನರ್‌ಹೈಮ್ ಅಧ್ಯಕ್ಷರಾದರು, ಸೆಪ್ಟೆಂಬರ್ 4ಕ್ಕೆ ಬಂದೂಕು ಸುಮ್ಮನಾಯಿತು.

ಯುದ್ಧ ಮುಗಿದ ಮೇಲೆ, ಗೆದ್ದವರ ಒತ್ತಾಯಕ್ಕೆ, ಹಿಂದಿನ ಕೆಲಸಗಳಿಗೂ ಅನ್ವಯಿಸುವ ಹೊಸ ಕಾನೂನು ಮಾಡಿ ರೂಟಿಗೆ ಹತ್ತು ವರ್ಷ ಜೈಲು ಕೊಟ್ಟರು. ಕಾಯಿಲೆಬಿದ್ದ ಅವರಿಗೆ 1949ರಲ್ಲಿ ಕ್ಷಮಾದಾನ ಸಿಕ್ಕಿತು. ಅವರು ತಪ್ಪೇ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. 1941ರ ನಿರ್ಧಾರಗಳಲ್ಲಿ ಅವರ ಪಾಲೂ ಇತ್ತು. ಆದರೆ ದೇಶದ ತಲೆ ಮೇಲೆ ಬೀಳಬೇಕಿದ್ದ ಭಾರವನ್ನು ಒಬ್ಬ ಮನುಷ್ಯ ತನ್ನ ಹೆಸರಿಗೆ ಬರೆದುಕೊಂಡದ್ದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಫಿನ್ಲೆಂಡ್ ತನ್ನ ಯಹೂದಿಗಳನ್ನು ಉಳಿಸಿತು ಎಂದು ಓದಿದ್ದೇನೆ. ನಿಜವೇ?

ಅರ್ಧ ನಿಜ. ಫಿನ್ಲೆಂಡ್‌ನ ಯಹೂದಿ ಪ್ರಜೆಗಳನ್ನು ಮುಟ್ಟಲು ಬಿಡಲಿಲ್ಲ. ಅವರು ಸೇನೆಯಲ್ಲೂ ಇದ್ದರು. ಸ್ವಿರ್ ನದಿಯ ದಂಡೆಯಲ್ಲಿ, ಜರ್ಮನ್ ಪಡೆಗಳು ಓಡಾಡುವಷ್ಟು ಹತ್ತಿರದಲ್ಲೇ, ಯಹೂದಿ ಸೈನಿಕರು ತಮ್ಮದೇ ಪ್ರಾರ್ಥನಾ ಸ್ಥಳ ಮಾಡಿಕೊಂಡಿದ್ದರು.

ಇನ್ನರ್ಧ ಹೇಳಲು ಕಷ್ಟ. ಆಶ್ರಯ ಬೇಡಿ ಬಂದ ಎಂಟು ಮಂದಿ ಯಹೂದಿಗಳನ್ನು 1942ರ ನವೆಂಬರ್ 6ರಂದು ಹಡಗು ಹತ್ತಿಸಿ ಜರ್ಮನರ ಕೈಗೆ ಕೊಟ್ಟರು. ಅವರಲ್ಲಿ ಇಬ್ಬರು ಮಕ್ಕಳು. ಬದುಕಿ ಉಳಿದವರು ಒಬ್ಬರೇ. ಸುದ್ದಿ ಹೊರಬಿದ್ದಾಗ ಪತ್ರಿಕೆಗಳು, ಪಾದ್ರಿಗಳು, ಸರ್ಕಾರದೊಳಗಿನ ಸೋಷಿಯಲ್ ಡೆಮಾಕ್ರಟರು ಎದ್ದು ನಿಂತರು. ಆಮೇಲೆ ಯಹೂದಿ ನಿರಾಶ್ರಿತರನ್ನು ಹಾಗೆ ಕಳಿಸುವುದು ನಿಂತಿತು. ಆದರೆ ಆ ಎಂಟು ಜನರ ಪಾಲಿಗೆ ತಡವಾಗಿತ್ತು, ಅಲ್ವಾ?

ಇದೂ ಸಾಲದು. ಫಿನ್ಲೆಂಡ್ ಸೆರೆಹಿಡಿದ ಸುಮಾರು 64,000 ಸೋವಿಯತ್ ಸೈನಿಕರಲ್ಲಿ ಸುಮಾರು 19,000 ಮಂದಿ ಹಸಿವು, ರೋಗಗಳಿಂದ ಸತ್ತರು. ಹಳೇ ಗಡಿಯಾಚೆ ಹಿಡಿದಿದ್ದ ಪೂರ್ವ ಕರೇಲಿಯಾದಲ್ಲಿ ಮುಳ್ಳುತಂತಿ ಹಾಕಿ ಕೂಡಿಟ್ಟಿದ್ದ ರಷ್ಯನ್ ಹೆಂಗಸರು, ಮಕ್ಕಳು, ಮುದುಕರಲ್ಲಿ 4,000ಕ್ಕೂ ಹೆಚ್ಚು ಜನ ತೀರಿಕೊಂಡರು. ಇದನ್ನೆಲ್ಲ ಮಾಡಿದ್ದು ಮತ ಹಾಕುವ ಜನರ ದೇಶವೇ. ಫಿನ್ಲೆಂಡ್ ಮೇಲಿನ ಪ್ರೀತಿಯಿಂದ ನಾನು ಇದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ.

ಹೆಲ್ಸಿಂಕಿಯ ಟೆಹ್ಟಿಟೋರ್ನಿನ್‌ಮೆಕಿ ಗುಡ್ಡದ ಮೇಲೆ ಆ ಎಂಟು ಮಂದಿಯ ಸ್ಮಾರಕವಿದೆ. 2000ನೇ ಇಸವಿಯ ನವೆಂಬರ್‌ನಲ್ಲಿ ಅದನ್ನು ತೆರೆದಾಗ ಪ್ರಧಾನಿ ಪಾವೊ ಲಿಪ್ಪೊನೆನ್ ಕ್ಷಮೆ ಕೇಳಿದರು. ನಾನು ಹೋದ ದಿನ ಹಿಮ ಬಿದ್ದಿತ್ತು. ಕೈಗವಸು ತೆಗೆದು ಕಲ್ಲಿನ ಮೇಲಿನ ಹಿಮ ಒರೆಸಿದೆ. ಕೆಳಗೆ ಬಂದರು ಕಾಣುತ್ತಿತ್ತು.

ಸೋತ ಮೇಲೆ ದೇಶ ಹೇಗೆ ಚೇತರಿಸಿಕೊಂಡಿತು?

ದುಡಿದು. 30 ಕೋಟಿ ಡಾಲರ್ ಬೆಲೆಯ ಹಡಗು, ಯಂತ್ರ, ಕಾಗದಗಳನ್ನು ಸೋವಿಯತ್ ಒಕ್ಕೂಟಕ್ಕೆ ದಂಡವಾಗಿ ಕೊಡಬೇಕಿತ್ತು. ಕೊನೆಯ ಕಂತು ತೀರಿದ್ದು 1952ರಲ್ಲಿ, ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ನಡೆದ ವರ್ಷ. ಕರೇಲಿಯಾದಿಂದ ಬಂದವರಿಗೆ ಕಾನೂನು ಮಾಡಿ ಜಮೀನು ಹಂಚಿದರು.

ಜನಸಾಮಾನ್ಯರ ಮನೆಯೊಳಗೆ ಯುದ್ಧ ಹೇಗಿತ್ತು? ಅದನ್ನು ಯಾರೂ ಬರೆಯುವುದಿಲ್ಲ.

ಮಗಳ ಮನೆಯ ಕೆಳಗಿನ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದರು. ಯುದ್ಧಕಾಲದಲ್ಲಿ ಸುಮಾರು 70,000 ಫಿನ್ನಿಶ್ ಮಕ್ಕಳನ್ನು ಸ್ವೀಡನ್‌ನ ಮನೆಗಳಿಗೆ ಕಳಿಸಿದ್ದರು. ಅವರಲ್ಲಿ ಇವರೂ ಒಬ್ಬರು. ಹೊರಟಾಗ ಐದು ವರ್ಷ. ಕಪಾಟಿನ ಖಾನೆಯಿಂದ ಒಂದು ರಟ್ಟಿನ ಚೀಟಿ ತೆಗೆದು ತೋರಿಸಿದರು. ಹೆಸರು, ಒಂದು ನಂಬರು, ಕುತ್ತಿಗೆಗೆ ಕಟ್ಟಲು ದಾರ. ರಟ್ಟಿನ ಒಂದು ಮೂಲೆ ಹಲ್ಲಿನಿಂದ ಅಗಿದಂತೆ ಮೆತ್ತಗಾಗಿತ್ತು. ರೈಲಿನಲ್ಲಿ ಅಗಿದದ್ದು ನಾನೇ ಎಂದರು.

ಎರಡು ವರ್ಷ ಬಿಟ್ಟು ವಾಪಸ್ ಬಂದಾಗ ಅವರಿಗೆ ಫಿನ್ನಿಶ್ ಪೂರ್ತಿ ಮರೆತುಹೋಗಿತ್ತು. ಮನೆಗೆ ಬಂದ ರಾತ್ರಿ ಬಾಯಾರಿ ನೀರು ಕೇಳಿದ್ದು ಸ್ವೀಡಿಷ್‌ನಲ್ಲಿ. ಅಮ್ಮನಿಗೆ ಅರ್ಥವಾಗಲಿಲ್ಲ. ಹಾಲು ತಂದರು, ಬ್ರೆಡ್ ತಂದರು, ಕಂಬಳಿ ಹೊದಿಸಿದರು. ಆಮೇಲೆ ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಒಂದೊಂದೇ ವಸ್ತು ಮುಟ್ಟಿ ತೋರಿಸುತ್ತಾ, ಇದಾ, ಇದಾ ಎಂದು ಕೇಳಿದರಂತೆ.