ಲೈಪೋಸೋಮಲ್ ಆಂಫೋಟೆರಿಸಿನ್ ಯಾಕೆ ಅಷ್ಟು ದುಬಾರಿ? ಮದ್ದು ಅದೇ ಅಲ್ವಾ?

ಚಿಕ್ಕಪ್ಪನವರಿಗೆ ಬ್ಲ್ಯಾಕ್ ಫಂಗಸ್ ಆಗಿದೆ, ಡಾಕ್ಟರು ಲೈಪೋಸೋಮಲ್ ಆಂಫೋಟೆರಿಸಿನ್ ಬರೆದಿದ್ದಾರೆ, ಮಾಮೂಲಿ ಆಂಫೋಟೆರಿಸಿನ್ ಅದಕ್ಕಿಂತ ಎಷ್ಟೋ ಅಗ್ಗ, ಹಾಗಾದರೆ 'ನ್ಯಾನೋ' ಅನ್ನೋದು ಸುಮ್ನೆ ಬೆಲೆ ಏರಿಸುವ ಮಾತಾ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಮದ್ದು ಒಂದೇ, ಆದರೆ ಮೈಯೊಳಗೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ಬೇರೆ. ನಾನು ಡಾಕ್ಟರಲ್ಲ, ಇಂಜೆಕ್ಷನ್ ತಯಾರಿಸುವ ಕೆಲಸದವನು. ನನಗೆ ಗೊತ್ತಿರುವ ಕಡೆಯಿಂದ ಹೇಳುತ್ತೇನೆ.

ಫಂಗಸ್‌ನ ಜೀವಕೋಶದ ಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನ ಜಾತಿಯ ವಸ್ತು ಇರುತ್ತದೆ. ಆಂಫೋಟೆರಿಸಿನ್ ಅದಕ್ಕೆ ಅಂಟಿಕೊಂಡು ಫಂಗಸ್ಸನ್ನು ಕೊಲ್ಲುತ್ತದೆ. ನಮ್ಮ ಜೀವಕೋಶಗಳಲ್ಲಿ ಇರುವುದು ಅದರ ದಾಯಾದಿ, ಕೊಲೆಸ್ಟೆರಾಲ್. ಮದ್ದು ಅದಕ್ಕೂ ಸ್ವಲ್ಪ ಅಂಟುತ್ತದೆ. ಮಾಮೂಲಿ ಇಂಜೆಕ್ಷನ್ ಕೊಟ್ಟಾಗ ಚಳಿ, ನಡುಕ, ಜ್ವರ ಬರುವುದುಂಟು. ಅದಕ್ಕಿಂತ ದೊಡ್ಡ ಭಯ ಕಿಡ್ನಿಯದು. ಶುಗರ್ ಇರುವವರಿಗೆ ಈ ಭಯ ಇನ್ನೂ ಜಾಸ್ತಿ, ಬ್ಲ್ಯಾಕ್ ಫಂಗಸ್ ಹೆಚ್ಚಾಗಿ ಬರುವುದೂ ಅವರಿಗೇ.

ಲೈಪೋಸೋಮ್ ಎಂದರೆ ಕೊಬ್ಬಿನ ಜಾತಿಯ ಅಣುಗಳು ಎರಡು ಪದರವಾಗಿ ಸುತ್ತಿಕೊಂಡ ಗುಳ್ಳೆ. ಈ ಮದ್ದಿನಲ್ಲಿ ಅದರ ಅಗಲ 100 ನ್ಯಾನೋಮೀಟರಿಗಿಂತ ಕಡಿಮೆ (ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಆಂಫೋಟೆರಿಸಿನ್ ಗುಳ್ಳೆಯೊಳಗಿನ ನೀರಿನಲ್ಲಿ ಇರುವುದಿಲ್ಲ, ಗೋಡೆಯಲ್ಲೇ ಸಿಕ್ಕಿಕೊಂಡಿರುತ್ತದೆ. ಆ ಗೋಡೆಗೆ ಸೋಯಾದಿಂದ ಬಂದ ಲಿಪಿಡ್ ಜೊತೆ ಕೊಲೆಸ್ಟೆರಾಲನ್ನೂ ಸೇರಿಸಿರುತ್ತಾರೆ. ನನಗೆ ಬಹಳ ಇಷ್ಟವಾಗುವ ಉಪಾಯ ಇದು. ನಮ್ಮ ಜೀವಕೋಶಕ್ಕೆ ಏಟು ಬೀಳುವುದು ಯಾವುದರಿಂದಲೋ ಅದರಿಂದಲೇ ಮದ್ದನ್ನು ಕಟ್ಟಿಹಾಕಿದ್ದಾರೆ. ರಕ್ತದಲ್ಲಿ ಸಾಗುವಾಗ ಮದ್ದು ಸುಲಭವಾಗಿ ಕಳಚಿಕೊಳ್ಳುವುದಿಲ್ಲ. ಫಂಗಸ್ ಸಿಕ್ಕಿದಾಗ ಎರ್ಗೋಸ್ಟೆರಾಲಿನ ಸೆಳೆತ ಜಾಸ್ತಿ, ಅತ್ತ ದಾಟುತ್ತದೆ.

ಬೆಲೆ ಏರುವುದು ಇದನ್ನು ಮಾಡುವುದರಲ್ಲಿ. ಗುಳ್ಳೆಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿರಬೇಕು. ಬಿಸಿ ಮಾಡಿ ಕ್ರಿಮಿ ಕೊಲ್ಲುವ ಹಾಗಿಲ್ಲ, ತೀರಾ ಸಣ್ಣ ರಂಧ್ರದ ಫಿಲ್ಟರಿನಲ್ಲಿ ಹಾಯಿಸಬೇಕು. ಆಮೇಲೆ ಗುಳ್ಳೆ ಒಡೆಯದಂತೆ ಹೆಪ್ಪುಗಟ್ಟಿಸಿ ಒಣಗಿಸಬೇಕು.

ರಕ್ತಕ್ಕೆ ಇಳಿದ ಇಂಥ ಕಣಗಳನ್ನು ಲಿವರ್ ಮತ್ತು ಗುಲ್ಮದ (ಸ್ಪ್ಲೀನ್) ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳು ಹಿಡಿದು ನುಂಗುತ್ತವೆ. ಕ್ಯಾನ್ಸರ್ ಮದ್ದಿಗೆ ಇದೇ ತೊಡಕು. 2016ರಲ್ಲಿ ಹಲವಾರು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿ ನೋಡಿದಾಗ, ಕೊಟ್ಟ ನ್ಯಾನೋಕಣಗಳಲ್ಲಿ ಗೆಡ್ಡೆಗೆ ಮುಟ್ಟಿದ್ದು ಸುಮಾರು ಶೇ. 0.7 ಮಾತ್ರ. 'ನ್ಯಾನೋ ಮದ್ದು ನೇರ ಗೆಡ್ಡೆಗೇ ಹೋಗುತ್ತೆ' ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಆದರೆ ಮರಳುನೊಣದಿಂದ ಹರಡುವ ಪರಾವಲಂಬಿ ಜ್ವರ ಕಾಲಾ ಅಜಾರ್‌ನಲ್ಲಿ ರೋಗಾಣು ಅಡಗಿ ಕೂರುವುದೇ ಆ ಮ್ಯಾಕ್ರೊಫೇಜ್‌ಗಳ ಒಳಗೆ! ಅಲ್ಲಿ ಗುಳ್ಳೆ ತಾನಾಗಿಯೇ ಸರಿಯಾದ ಮನೆ ಸೇರುತ್ತದೆ. ಬಿಹಾರದ ಮುಜಾಫರ್‌ಪುರದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹದ ತೂಕದ ಪ್ರತಿ ಕೆ.ಜಿ.ಗೆ 10 ಮಿ.ಗ್ರಾಂ. ಲೈಪೋಸೋಮಲ್ ಮದ್ದನ್ನು ಒಂದೇ ಸಲ ಕೊಟ್ಟು ಶೇ. 95ಕ್ಕಿಂತ ಹೆಚ್ಚು ಜನರನ್ನು ಗುಣಪಡಿಸಿದರು. ಮಾಮೂಲಿ ಮದ್ದಿನಲ್ಲಿ ಅದೇ ಫಲಕ್ಕೆ ದಿನ ಬಿಟ್ಟು ದಿನ 15 ಸಲ ಡ್ರಿಪ್ ಬೇಕಾಯಿತು. ಕೂಲಿ ಬಿಟ್ಟು ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿ ಇರಲಾಗದವರಿಗೆ ಇದೆಂಥ ದೊಡ್ಡ ಉಪಕಾರ!

ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಕಣಗಳ ಬಗ್ಗೆಯೂ ಕೇಳಿದ್ದೀರಿ. ಸದ್ಯಕ್ಕೆ ಅವುಗಳ ಬಲ ನಿಧಾನವಾಗಿ ಮದ್ದು ಬಿಡುವುದರಲ್ಲಿ. ಕರಗುವ ಹೊಲಿಗೆ ದಾರದ ಜಾತಿಯ ಪಾಲಿಮರ್ ಆದ ಪಿಎಲ್‌ಜಿಎ ಮೈಯಲ್ಲಿ ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲವಾಗಿ ಕರಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ತಿಂಗಳಿಗೊಮ್ಮೆ ಕೊಡುವ ಲ್ಯೂಪ್ರೊಲೈಡ್ ಇಂಜೆಕ್ಷನ್ ಈ ಬಗೆಯದು. ಅದರ ಕಣಗಳು ನ್ಯಾನೋ ಅಲ್ಲ, ಅದಕ್ಕಿಂತ ದೊಡ್ಡ ಮೈಕ್ರೋ ಗಾತ್ರದವು.

ಇನ್ನು ನಿಮ್ಮ ಚಿಕ್ಕಪ್ಪನವರ ವಿಷಯ. ಮಾಮೂಲಿ ಆಂಫೋಟೆರಿಸಿನ್ ಕಳಪೆ ಮದ್ದಲ್ಲ, ಅದೂ ಫಂಗಸ್ ಕೊಲ್ಲುತ್ತದೆ. ಲೈಪೋಸೋಮಲ್ ಸಿಗದೆ ಅದನ್ನೇ ಕೊಡಬೇಕಾಗಿ ಬಂದರೆ ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವುದು), ಪೊಟ್ಯಾಸಿಯಂ, ಮೆಗ್ನೀಸಿಯಂ ಪದೇ ಪದೇ ನೋಡುತ್ತಾರೆ. ಆದರೆ ದುಡ್ಡು ಉಳಿಸಲೆಂದು ನೀವಾಗಿಯೇ ಅಂಗಡಿಯಲ್ಲಿ ಬದಲಾಯಿಸಬೇಡಿ. ಈ ರೋಗಕ್ಕೆ ಲೈಪೋಸೋಮಲ್ ಸಾಮಾನ್ಯವಾಗಿ ದಿನಕ್ಕೆ ಕೆ.ಜಿ.ಗೆ 5 ಮಿ.ಗ್ರಾಂ. ಅಥವಾ ಅದಕ್ಕೂ ಜಾಸ್ತಿ ಕೊಡುತ್ತಾರೆ. ಮಾಮೂಲಿಯದು ದಿನಕ್ಕೆ ಕೆ.ಜಿ.ಗೆ 1.5 ಮಿ.ಗ್ರಾಂ. ದಾಟಲೇಬಾರದು, ದಾಟಿದರೆ ಹೃದಯ ನಿಂತುಹೋಗಬಹುದು. ವೈಯಲ್ ತಂದ ಕೂಡಲೇ ಮೇಲೆ 'ಲೈಪೋಸೋಮಲ್' ಎಂದು ಬರೆದಿದೆಯಾ ನೋಡಿ, ಸಿಸ್ಟರ್‌ಗೂ ತೋರಿಸಿ. ಇದನ್ನು ಕಲಸುವುದು ಸ್ಟೆರೈಲ್ ವಾಟರಿನಲ್ಲಿ, ಡ್ರಿಪ್‌ಗೆ ಸೇರಿಸುವುದು ಡೆಕ್ಸ್‌ಟ್ರೋಸಿನಲ್ಲಿ. ಸಲೈನ್ ತಾಗಿದರೆ ಮದ್ದು ಗಂಟುಗಟ್ಟಿ ಹಾಳಾಗುತ್ತದೆ.