ಏಳನೇ ವಾರ, ಒಂದೇ ಕಡೆ ನೋವು: ಮೂರು ತಿಂಗಳು ಕಾಯಬಹುದಾ?

ಪ್ರಶ್ನೆ: ನನಗೆ 26 ವರ್ಷ, ಇದು ಮೊದಲ ಬಸಿರು. ಕೊನೆಯ ಮುಟ್ಟಾಗಿ ಏಳು ವಾರ. ಕಿಟ್‌ನಲ್ಲಿ ಎರಡು ಗೆರೆ ಬಂದಿದೆ. ನಾಲ್ಕು ದಿನದಿಂದ ಬಟ್ಟೆಯಲ್ಲಿ ಕಂದು ಕಲೆ ಕಾಣುತ್ತಿದೆ, ಕಿಬ್ಬೊಟ್ಟೆಯ ಎಡಗಡೆ ಹಿಡಿದ ಹಾಗೆ ನೋವು. ಅತ್ತೆ, "ಉಷ್ಣ ಆಗಿದೆ, ಎಳನೀರು ಕುಡಿ, ಮೂರು ತಿಂಗಳು ತುಂಬುವ ತನಕ ಸ್ಕ್ಯಾನಿಂಗ್ ಬೇಡ, ಮಗುವಿಗೆ ತೊಂದರೆ" ಅನ್ನುತ್ತಾರೆ. ಕಾಯಬಹುದಾ?
ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಕಾಯಬೇಡಿ. ಪತ್ರ ಕೈಗೆ ಬಂದ ದಿನವೇ ನಿಮಗೆ ಫೋನ್ ಮಾಡಿ ಇವತ್ತೇ ಆಸ್ಪತ್ರೆಗೆ ಹೋಗಿ ಎಂದಿದ್ದೆ, ಇಲ್ಲಿ ಮತ್ತೆ ಬರೆಯುತ್ತಿರುವುದು ಇದೇ ಮಾತು ಕೇಳಿ ಮನೆಯಲ್ಲೇ ಕೂತಿರುವ ಬೇರೆ ಹೆಣ್ಣುಮಕ್ಕಳಿಗಾಗಿ.

ಮೊದಲ ಮೂರು ತಿಂಗಳಲ್ಲಿ ಸ್ವಲ್ಪ ರಕ್ತ ಕಾಣಿಸುವುದು ಅಪರೂಪವೇನಲ್ಲ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆಗುತ್ತದೆ, ಅವರಲ್ಲಿ ತುಂಬಾ ಜನರ ಬಸಿರು ಚೆನ್ನಾಗಿಯೇ ಮುಂದುವರಿಯುತ್ತದೆ. ನನಗೆ ಹೆದರಿಕೆಯಾದದ್ದು ರಕ್ತಕ್ಕಿಂತ ಜಾಸ್ತಿ ಆ ಒಂದೇ ಕಡೆಯ ನೋವಿಗೆ. ನೂರರಲ್ಲಿ ಒಂದೆರಡು ಬಸಿರು ಗರ್ಭಕೋಶದ ಒಳಗೆ ಕೂರದೆ ಪಕ್ಕದ ನಾಳದಲ್ಲೇ ಬೆಳೆಯಲು ಶುರು ಮಾಡುತ್ತದೆ. ಕಿಟ್‌ನಲ್ಲಿ ಆಗಲೂ ಎರಡು ಗೆರೆ ಬರುತ್ತದೆ, ಅದು ಎಲ್ಲಿ ಕೂತಿದೆ ಅಂತ ಕಿಟ್ ಹೇಳುವುದಿಲ್ಲ ಅಲ್ವಾ? ನಾಳ ತೆಳು, ಹಿಗ್ಗುವುದಕ್ಕೆ ಜಾಗ ಇಲ್ಲ. ಒಡೆದರೆ ರಕ್ತವೆಲ್ಲ ಹೊಟ್ಟೆಯೊಳಗೇ ತುಂಬುತ್ತದೆ, ಹೊರಗೆ ಕಾಣುವುದು ಬರೀ ಕಲೆಯಷ್ಟೇ ಇರಬಹುದು. ಹಾಗಾಗಿ "ರಕ್ತ ಸ್ವಲ್ಪವೇ ಹೋಗಿದೆ" ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ತಲೆ ಸುತ್ತಿ ಕಣ್ಣು ಕತ್ತಲಾದರೆ, ತಣ್ಣನೆ ಬೆವರು ಬಂದರೆ, ಹೊಟ್ಟೆನೋವಿನ ಜೊತೆ ಭುಜದ ತುದಿಯಲ್ಲಿ ನೋವು ಬಂದರೆ ಒಂದು ಗಂಟೆಯೂ ತಡ ಮಾಡಬೇಡಿ. ಭುಜದ ನೋವನ್ನು ಗ್ಯಾಸ್ ಅಂತ ತಳ್ಳಿಹಾಕುವವರೇ ಜಾಸ್ತಿ, ಆದರೆ ಒಳಗೆ ಸುರಿದ ರಕ್ತ ವಪೆಗೆ, ಅಂದರೆ ಎದೆ-ಹೊಟ್ಟೆಯ ನಡುವಿನ ಪರದೆಗೆ, ತಾಗಿದರೂ ನೋವು ಭುಜದಲ್ಲೇ ಕಾಣುತ್ತದೆ. 108ಕ್ಕೆ ಫೋನ್ ಮಾಡಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ಹೊಟ್ಟೆಗೆ ಏನೂ ಕೊಡಬೇಡಿ, ಎಳನೀರೂ ಬೇಡ. ಬೇಗ ಗೊತ್ತಾದರೆ ಎಷ್ಟೋ ಸಲ ಇಂಜೆಕ್ಷನ್‌ನಲ್ಲೇ ಗುಣವಾಗುತ್ತದೆ, ನಾಳವೂ ಉಳಿಯುತ್ತದೆ. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡವರು, ಕಾಪರ್-ಟಿ ಹಾಕಿಸಿಕೊಂಡವರು ಮುಟ್ಟು ತಪ್ಪಿದರೆ "ನಮಗೆಲ್ಲಿ ಬಸಿರು" ಅಂತ ಸುಮ್ನೆ ಇರಬೇಡಿ. ಅವರಿಗೆ ಬಸಿರು ನಿಲ್ಲುವುದೇ ಅಪರೂಪ, ಆದರೆ ನಿಂತರೆ ಅದು ನಾಳದಲ್ಲಿ ಇರುವ ಸಾಧ್ಯತೆ ಜಾಸ್ತಿ.

ಸ್ಕ್ಯಾನಿಂಗ್ ಎಕ್ಸ್-ರೇ ಅಲ್ಲ. ಶಬ್ದದ ಅಲೆಗಳಿಂದ ನೋಡುವುದು, ಮಗುವಿಗೆ ತೊಂದರೆ ಇಲ್ಲ. ಮೊದಲ ಸಲ ಸರಿಯಾಗಿ ಕಾಣದಿದ್ದರೆ ರಕ್ತ ಪರೀಕ್ಷೆ ಮಾಡಿ, 48 ಗಂಟೆ ಬಿಟ್ಟು ಮತ್ತೆ ಮಾಡುತ್ತಾರೆ. ಎರಡನೇ ಸಲ ಹೋಗುವುದನ್ನು ದಯವಿಟ್ಟು ತಪ್ಪಿಸಬೇಡಿ.

ಬೇರೆ ಕೆಲವು ಲಕ್ಷಣಗಳಿಗೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಂಟೆಗೆ ಎರಡು ಪ್ಯಾಡ್ ನೆನೆಯುವಷ್ಟು ರಕ್ತ, ಚಳಿಜ್ವರ, ಕುಡಿದ ನೀರೂ ನಿಲ್ಲದಷ್ಟು ವಾಂತಿಯಾಗಿ ಎಂಟು ಗಂಟೆಯಾದರೂ ಮೂತ್ರ ಬಾರದಿರುವುದು. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ರಕ್ತ ಹೋದ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ. ಆ್ಯಂಟಿ-ಡಿ ಇಂಜೆಕ್ಷನ್ ಬೇಕು ಅಂದರೆ 72 ಗಂಟೆಯೊಳಗೆ ಕೊಡಬೇಕು.

ಅತ್ತೆಯವರ ಕಾಳಜಿ ನಿಜವಾದದ್ದೇ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ತಾಯಿ ಕಾರ್ಡ್ ಇನ್ನೂ ಮಾಡಿಸಿಲ್ಲ ಅಂದರೂ ಪರವಾಗಿಲ್ಲ, ಅದನ್ನು ಆಮೇಲೆ ಮಾಡಿಸಬಹುದು.