ತಿಗಣೆಯ ಮೇಲೆ ಬರೆದ ಕವಿತೆ

ಓದುಗರ ಪತ್ರ: "ಸಂಪಾದಕರೇ, ಹೋದ ತಿಂಗಳು ನೀವು ಹೊಗಳಿ ಬರೆದಿರಿ ಅಂತ 'ರೈನೋ ಸೀಸನ್' ಸಿನಿಮಾ ನೋಡಿದೆ. ಇರಾನಿನ ಕುರ್ದಿ ಜನಾಂಗದ ಒಬ್ಬ ಕವಿ 30 ವರ್ಷ ಜೈಲಿನಲ್ಲಿದ್ದು ಹೊರಗೆ ಬರುತ್ತಾನೆ. ಬಂದವನು ಬಾಯೇ ಬಿಡುವುದಿಲ್ಲ. ಆಕಾಶದಿಂದ ಆಮೆಗಳು ಬೀಳುತ್ತವೆ. ಕೆಳಗೆ ಬರುವ ಇಂಗ್ಲಿಷನ್ನು ಮೊಮ್ಮಗಳು ಓದಿ ಹೇಳುತ್ತಿದ್ದಳು, ಅರ್ಧಕ್ಕೇ ಅವಳಿಗೂ ನಿದ್ದೆ ಬಂತು. ಅವನ ಕವಿತೆಯಲ್ಲಿ ಅಂಥದ್ದೇನಿತ್ತು ಅಂತ ಕೊನೆವರೆಗೂ ಹೇಳಲಿಲ್ಲ. ಕವಿತೆ ಬರೆದದ್ದಕ್ಕೆ ಯಾರಾದರೂ 30 ವರ್ಷ ಹಾಕುತ್ತಾರಾ? ಇವರೆಲ್ಲ ರಾಜಕೀಯ ಬಿಟ್ಟು ಮಳೆ, ಬೆಳೆ, ಹೊಲ ಅಂತ ಬರೆದುಕೊಂಡಿದ್ದರೆ ಯಾರು ಹಿಡಿಯುತ್ತಿದ್ದರು?" – ನಿವೃತ್ತ ಕೃಷಿ ಅಧಿಕಾರಿ, ದಾವಣಗೆರೆ

ಉತ್ತರ: ಸ್ವಾಮಿ, ಮೊದಲು ನಿಮ್ಮ ಪಾಲಿನದನ್ನು ಕೊಟ್ಟುಬಿಡುತ್ತೇನೆ. ಸಿನಿಮಾ ನಿಧಾನ, ಹೌದು. ಆಮೆಗಳು ಯಾಕೆ ಬಿದ್ದವು ಅಂತ ನನ್ನನ್ನು ಕೇಳಬೇಡಿ, ನನಗೂ ಪೂರ್ತಿ ಗೊತ್ತಾಗಲಿಲ್ಲ. ಇಟಲಿಯ ಮೋನಿಕಾ ಬೆಲ್ಲುಚ್ಚಿಯನ್ನು ಇರಾನಿ ಹೆಂಗಸು ಅಂತ ನಂಬುವುದಕ್ಕೂ ಸ್ವಲ್ಪ ಕಷ್ಟಪಡಬೇಕು. ಇಷ್ಟು ಒಪ್ಪಿದೆ. ಇನ್ನು ಜಗಳಕ್ಕೆ ಬರೋಣ.

ಅವನಿಗೆ 30 ವರ್ಷ ಬಿದ್ದದ್ದು ಯಾಕೆ ಅಂತ ಸಿನಿಮಾ ಹೇಳಲಿಲ್ಲ ಅಂದಿರಿ. ಹೇಳಿದೆ, ಮೊಮ್ಮಗಳು ನಿದ್ದೆ ಹೋದ ಹೊತ್ತಿಗೆ ಬಂದು ಹೋಗಿರಬೇಕು. ಶಾ ದೊರೆಯ ಕಾಲದಲ್ಲಿ ಕವಿಯ ಹೆಂಡತಿ ಮೀನಾಳ ಮನೆಯಲ್ಲಿ ಅಕ್ಬರ್ ಅಂತ ಒಬ್ಬ ಡ್ರೈವರ್ ಇರುತ್ತಾನೆ. ಅವನಿಗೆ ಅವಳ ಮೇಲೆ ಕಣ್ಣು. 1979ರಲ್ಲಿ ಆ ದೊರೆಯನ್ನು ಇಳಿಸಿದ ಇಸ್ಲಾಮಿಕ್ ಕ್ರಾಂತಿ ಆಗುತ್ತದೆ, ಅಧಿಕಾರ ಅಂಥವರ ಕೈಗೆ ಬರುತ್ತದೆ. ಹಳೇ ಹಗೆ ತೀರಿಸಿಕೊಳ್ಳುವುದಕ್ಕೆ ಕವಿತೆ ಒಂದು ನೆಪ, ಅಷ್ಟೆ. ಕವಿ ಸಾಹೇಲ್‌ಗೆ 30 ವರ್ಷ, ಹೆಂಡತಿಗೆ 10. ಅವಳು ಹೊರಗೆ ಬಂದಾಗ ಗಂಡ ಸತ್ತ ಅಂತ ನಂಬಿಸುತ್ತಾರೆ. ಇದು ಸುಮ್ನೆ ಕಟ್ಟಿದ ಕತೆಯೂ ಅಲ್ಲ. ಸಾದೆಘ್ ಕಮಂಗರ್ ಎಂಬ ಕುರ್ದಿ ಕವಿಯ ಬದುಕನ್ನು ಇಟ್ಟುಕೊಂಡು ಮಾಡಿದ್ದು. ಮಾಡಿದವರು ಬಹ್ಮನ್ ಗೊಬಾದಿ, ಅವರೂ ಕುರ್ದರೇ, ಇರಾನಿನ ಗಡಿ ಊರು ಬಾನೆಯವರು. 2009ರಲ್ಲಿ ದೇಶ ಬಿಟ್ಟರು, 2012ರಲ್ಲಿ ಟರ್ಕಿಯಲ್ಲಿ ಕೂತು ಈ ಸಿನಿಮಾ ಮುಗಿಸಿದರು.

ಕವಿ ಬಾಯಿ ಬಿಡುವುದಿಲ್ಲ ಅಂತ ಬೈದಿರಲ್ಲ, ನನಗೆ ಹಿಡಿಸಿದ್ದೇ ಅದು. ಆ ಪಾತ್ರ ಮಾಡಿದ ಬೆಹ್ರೂಜ್ ವೊಸೂಘಿ ಕ್ರಾಂತಿಗೆ ಮುಂಚೆ ಇರಾನಿನ ದೊಡ್ಡ ಸ್ಟಾರ್. ಆಮೇಲೆ ಊರು ಬಿಟ್ಟು ಅಮೆರಿಕದಲ್ಲಿ ಉಳಿದವರು. ಅವರ ಮುಖ ನೋಡಿ ಒಮ್ಮೆ. ಕಾರಿನಲ್ಲಿ ಕೂತು ಟರ್ಕಿಯ ಇಸ್ತಾಂಬುಲ್‌ನ ಒಂದು ಮನೆಯನ್ನು ದೂರದಿಂದ ನೋಡುತ್ತಲೇ ಇರುತ್ತಾರೆ. ಬಾಗಿಲು ತಟ್ಟುವುದಿಲ್ಲ. ಒಳಗೆ ಹೆಂಡತಿ ಬೇರೆಯವರ ಬೆನ್ನ ಮೇಲೆ ಇವನದೇ ಕವಿತೆಯ ಸಾಲುಗಳನ್ನು ಹಚ್ಚೆ ಹಾಕುತ್ತಿರುತ್ತಾಳೆ. ನಮ್ಮ ಅಜ್ಜಿಯರ ಕೈ ಮೇಲೆ ಗಂಡನ ಹೆಸರಿನ ಹಚ್ಚೆ ಇರುತ್ತಿತ್ತು. ಇಲ್ಲಿ ಸತ್ತ ಅಂದುಕೊಂಡ ಗಂಡನ ಸಾಲುಗಳು ಗುರುತು ಪರಿಚಯ ಇಲ್ಲದವರ ಚರ್ಮದ ಮೇಲೆ ಊರೆಲ್ಲ ತಿರುಗುತ್ತವೆ. ಅವನು ಇನ್ನೇನು ಮಾತಾಡಬೇಕಿತ್ತು ಹೇಳಿ!

ನನ್ನ ತಕರಾರು ಬೇರೆ ಕಡೆ ಇದೆ. ಕುರ್ದಿ ಕವಿಯ ಕತೆ, ಕುರ್ದಿ ನಿರ್ದೇಶಕ, ಮಾತು ಮಾತ್ರ ಹೆಚ್ಚೂಕಮ್ಮಿ ಎಲ್ಲ ಇರಾನಿನ ಆಡಳಿತ ಭಾಷೆ ಪಾರ್ಸಿ, ಮಧ್ಯೆ ಟರ್ಕಿಶ್. 2000ದಲ್ಲಿ ಕುರ್ದಿ ಹಳ್ಳಿ ಮಕ್ಕಳನ್ನು ಕುರ್ದಿಯಲ್ಲೇ ಮಾತಾಡಿಸಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಂದವರು ಇವರೇ. ಈ ಸಲ ಯಾಕೆ ಹೀಗೆ ಮಾಡಿದರೋ. ನೀವು ಇದನ್ನು ಹಿಡಿದು ಬೈದಿದ್ದರೆ ನಾನು ತೆಪ್ಪಗೆ ಒಪ್ಪುತ್ತಿದ್ದೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಮಳೆ, ಬೆಳೆ ಅಂತ ಬರೆದುಕೊಂಡಿದ್ದರೆ ಯಾರು ಹಿಡಿಯುತ್ತಿದ್ದರು? ಸ್ವಾಮಿ, ಈ ಪ್ರಶ್ನೆಯನ್ನು ಕೃಷಿ ಇಲಾಖೆಯವರೇ ಕೇಳಿದ್ದು ನನ್ನ ಅದೃಷ್ಟ. ಬತ್ತಕ್ಕೆ ಬೀಳುವ ತೆನೆ ತಿಗಣೆ ನಿಮಗೆ ಗೊತ್ತು. ಹಾಲು ತುಂಬುವ ಹೊತ್ತಿಗೆ ಬಂದು ಹೀರಿ ಕಾಳನ್ನು ಜೊಳ್ಳು ಮಾಡುತ್ತದೆ. ಆ ಕಡೆಯ ಗೋಧಿಗೂ ಇಂಥದೇ ಒಂದು ತಿಗಣೆ ಇದೆ. ಕುರ್ದಿಯಲ್ಲಿ ಅದಕ್ಕೆ 'ಕಿಮಿಲ್' ಅನ್ನುತ್ತಾರೆ. 1959ರಲ್ಲಿ ಟರ್ಕಿಯ ದಿಯಾರ್‌ಬಕಿರ್‌ನ ಒಂದು ಪತ್ರಿಕೆಯಲ್ಲಿ ಮೂಸಾ ಆಂತರ್ ಎಂಬುವರು ಅದರ ಮೇಲೆ ಒಂದು ಕವಿತೆ ಹಾಕಿದರು. ತಿಗಣೆ ಬಿದ್ದು ಗೋಧಿ ಹಾಳಾಯಿತಲ್ಲ ಅಂತ ಹಳ್ಳಿ ಹುಡುಗಿ ಹಾಡಿಕೊಂಡು ಅಳುವ ಕವಿತೆ. ಕುರ್ದಿಯಲ್ಲಿತ್ತು. ಟರ್ಕಿಯ ಪತ್ರಿಕೆಗಳು ಹುಯಿಲೆಬ್ಬಿಸಿದವು, ಕೇಸಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಕುರ್ದಿ ಓದು ಬರಹದವರನ್ನು ಹಿಡಿದು ಮಿಲಿಟರಿ ಜೈಲಿಗೆ ತಳ್ಳಿದರು. '49 ಮಂದಿ' ಅಂತಲೇ ಅವರಿಗೆ ಹೆಸರು ನಿಂತಿತು. ಆಂತರ್ ಅದರಲ್ಲಿ ಒಬ್ಬರು. ಅವರು ಮುದುಕರಾದ ಮೇಲೂ ಬಿಡಲಿಲ್ಲ, 1992ರಲ್ಲಿ ಅದೇ ದಿಯಾರ್‌ಬಕಿರ್‌ನಲ್ಲಿ ಗುಂಡು ಹೊಡೆದು ಕೊಂದರು.

ತಿಗಣೆ, ಸ್ವಾಮಿ. ನಿಮ್ಮ ಇಲಾಖೆಯ ಕರಪತ್ರದಲ್ಲಿ ಇರುವಂಥ ವಿಷಯ.

ನಮ್ಮ ಬೇಂದ್ರೆಯವರೂ ಕವಿತೆಗೇ ಜೈಲು ಕಂಡವರು. 1932ರಲ್ಲಿ 'ನರಬಲಿ'ಗಾಗಿ ಹಿಂಡಲಗಾ ಜೈಲು, ಆಮೇಲೆ ಮುಗದದಲ್ಲಿ ನಜರ್‌ಕೈದು. ಆದರೆ ಬ್ರಿಟಿಷರಿಗೆ ಕಹಿಯಾದದ್ದು ಆ ಕವಿತೆ ಹೇಳಿದ ಮಾತು. ಅದು ಕನ್ನಡದಲ್ಲಿದೆ ಅನ್ನುವುದು ಅಪರಾಧ ಆಗಿರಲಿಲ್ಲ. ಕುರ್ದರಿಗೆ ಆ ಭಾಗ್ಯವೂ ಇರಲಿಲ್ಲ. 3 ಕೋಟಿಗೂ ಜಾಸ್ತಿ ಜನ. ಟರ್ಕಿ, ಇರಾನ್, ಇರಾಕ್, ಸಿರಿಯಾ ಅಂತ ನಾಲ್ಕು ಕಡೆ ಹಂಚಿಹೋದವರು. ಟರ್ಕಿಯಲ್ಲಿ 1983ರಿಂದ 1991ರವರೆಗೆ ಕುರ್ದಿಯಲ್ಲಿ ಅಚ್ಚು ಹಾಕಬಾರದು ಅಂತ ಕಾನೂನೇ ಇತ್ತು. ಕ್ಯೂ, ಡಬ್ಲ್ಯೂ, ಎಕ್ಸ್ ಈ ಮೂರು ಅಕ್ಷರ ಟರ್ಕಿಶ್ ವರ್ಣಮಾಲೆಯಲ್ಲಿ ಇಲ್ಲ, ಕುರ್ದಿಗೆ ಬೇಕು. ಅವನ್ನು ಬಳಸುವ ತೊಡಕು ಸಡಿಲವಾದದ್ದು 2013–14ರಲ್ಲಿ. ಒಂದು ಒತ್ತಕ್ಷರಕ್ಕೆ ಕೋರ್ಟಿಗೆ ಹೋಗಬೇಕು ಅಂದರೆ ಹೇಗಿರುತ್ತೆ, ಯೋಚಿಸಿ.

ಇರಾನಿನ ಕಡೆಯದೂ ಒಂದು ಹೇಳಿಬಿಡುತ್ತೇನೆ. 1946ರಲ್ಲಿ ಮಹಾಬಾದ್‌ನಲ್ಲಿ ಕುರ್ದರು ಒಂದು ಪುಟ್ಟ ಗಣರಾಜ್ಯ ಕಟ್ಟಿದರು. ವರ್ಷ ತುಂಬುವುದರೊಳಗೆ ಅದು ಮುಗಿಯಿತು, ಅಧ್ಯಕ್ಷರನ್ನು ಗಲ್ಲಿಗೆ ಹಾಕಿದರು. ಆದರೆ ಅಷ್ಟೇ ದಿನಗಳಲ್ಲಿ ಅವರು ಹೇಮಿನ್, ಹಜಾರ್ ಅಂತ ಇಬ್ಬರನ್ನು ರಾಷ್ಟ್ರಕವಿ ಮಾಡಿಕೊಂಡಿದ್ದರು! ಗಡಿ ದಾಟಿ ಓಡಿದ ಹಜಾರ್ ಮುಂದೆ ಕುರ್ದಿ–ಪಾರ್ಸಿ ನಿಘಂಟು ಕಟ್ಟಿದರು.

ಮತ್ತೆ ಟರ್ಕಿಗೆ ಬರೋಣ. ಅಲ್ಲಿ 1980ರ ಮಿಲಿಟರಿ ದಂಗೆ ಆದಮೇಲೆ ದಿಯಾರ್‌ಬಕಿರ್ ಜೈಲಿನ ಗೋಡೆಯ ಮೇಲೆ ಒಂದು ಸಾಲು ಬರೆಸಿದ್ದರು: "ಟರ್ಕಿಶ್ ಮಾತಾಡು, ಜಾಸ್ತಿ ಮಾತಾಡು." ನೋಡಲು ಬರುವ ತಾಯಂದಿರಿಗೆ ಕುರ್ದಿ ಬಿಟ್ಟು ಬೇರೆ ಬಾರದು. ಕಂಬಿಯ ಆಚೆ ಮಗ, ಈಚೆ ತಾಯಿ, ಮಧ್ಯೆ ಕಾವಲಿನವನು. ಸಮಯ ಮುಗಿಯುವವರೆಗೆ ಮುಖ ನೋಡಿಕೊಂಡು ಎದ್ದು ಹೋಗುವುದು. ಆ ಕಾಲದ ಜೈಲುಗಳ ಒಂದು ಕತೆ ಈಗಲೂ ಜನರ ಬಾಯಲ್ಲಿದೆ. ಒಬ್ಬ ತಾಯಿ ಟರ್ಕಿಶ್‌ನಲ್ಲಿ 'ಹೇಗಿದ್ದೀಯ' ಅನ್ನುವ ಒಂದೇ ಮಾತು ಕಲಿತು ಬಂದಳಂತೆ. ಅದನ್ನೇ ಮತ್ತೆ ಮತ್ತೆ ಕೇಳಿದಳಂತೆ. ಒಂದು ಸಲ ಅಳುತ್ತಾ, ಒಂದು ಸಲ ಗದರಿಸಿ, ಒಂದು ಸಲ ಮನೆಯಲ್ಲಿ ಎಲ್ಲ ಸರಿ ಇದೆ ಅನ್ನುವ ಹಾಗೆ. ಮಗ ಪ್ರತಿ ಸಲವೂ ಬೇರೆ ಬೇರೆ ಉತ್ತರ ಕೊಟ್ಟನಂತೆ.

ಇದನ್ನು ಟೈಪ್ ಮಾಡುವ ಮಧ್ಯೆ ನಮ್ಮ ಆಫೀಸಿಗೆ ಒಂದು ಫೋನ್ ಬಂತು. ನಾನೇ ಎತ್ತಿದೆ. "ಸಾರ್, ಅಪ್ಪ ಹೋಗಿಬಿಟ್ಟರು. ಪತ್ರಿಕೆ ನಿಲ್ಲಿಸಿಬಿಡಿ. ಮನೇಲಿ ಕನ್ನಡ ಓದೋರು ಯಾರೂ ಇಲ್ಲ." ಎಂಥ ಚೆಂದದ ಕನ್ನಡದಲ್ಲಿ ಹೇಳಿದ ಗೊತ್ತಾ! ಇಂಥ ಫೋನು ತಿಂಗಳಿಗೆ ನಾಲ್ಕೈದು ಬರುತ್ತವೆ. ಇವರಿಗೆ ಓದಬೇಡಿ ಅಂತ ಯಾರೂ ಕಾನೂನು ಮಾಡಲಿಲ್ಲ. ಒಂದು ಅಕ್ಷರವನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ಶಾಲೆಗೆ ಫೀಸು ಕಟ್ಟಿ, ಕನ್ನಡಕ್ಕೆ ಜಾಸ್ತಿ ಟೈಮ್ ಕೊಡಬೇಡಿ ಅಂತ ತಾವೇ ಹೇಳಿ ಬಂದವರು. ನಮ್ಮ ಹಬ್ಬದ ವಿಶೇಷಾಂಕಕ್ಕೆ ರಾಶಿ ಕವಿತೆ ಬರುತ್ತವೆ, ಎಲ್ಲ ಕನ್ನಡಾಂಬೆಯ ಮೇಲೆ. ತಿಗಣೆಯ ಮೇಲೆ ಒಂದೂ ಇಲ್ಲ. ಕವಿಗಳಿಗೆ ತಿಗಣೆ ಗೊತ್ತಿಲ್ಲ. ಗೊತ್ತಿರುವ ನೀವು ಕವಿತೆ ಬರೆಯುವುದಿಲ್ಲ. ನೀವು 30–40 ವರ್ಷ ಹೊಲ ಸುತ್ತಿದವರು, ನಿಮ್ಮ ಪತ್ರದ ಕನ್ನಡ ನನ್ನ ಅರ್ಧ ಲೇಖಕರಿಗಿಂತ ಚೆನ್ನಾಗಿದೆ. ಆ ಹುಳುಗಳ ಹೆಸರನ್ನಾದರೂ ಬರೆದು ಕಳಿಸಿ, ಎರಡು ಪುಟ ತೆಗೆದಿಡುತ್ತೇನೆ.

ಇನ್ನೊಂದು. ಸಿನಿಮಾದ ಇಂಗ್ಲಿಷನ್ನು ಮೊಮ್ಮಗಳು ಓದಿ ಹೇಳಿದಳು ಅಂದಿರಲ್ಲ, ಈ ಉತ್ತರವನ್ನೂ ಅವಳ ಕೈಲೇ ಓದಿಸಿ. ನೀವು ಬಾಯಿ ಹಾಕಬೇಡಿ. ಎಲ್ಲೆಲ್ಲಿ ತಡವರಿಸಿದಳು ಅಂತ ಒಂದು ಕಾರ್ಡ್ ಹಾಕಿ.

– ಸಂ.